ಐಂಡ್‌ಹೋವನ್‌ನಲ್ಲಿ ಭೂಮಿ ಹುಣ್ಣಿಮೆ, ಮತ್ತು ಆ ಬೂದುಗುಂಬಳದ ಹೋಳು

ನಮಸ್ಕಾರ. ಕತ್ತಲೆ ಕಾಣುತ್ತಿದೆ ಎಂದು ಬೈಯಬೇಡಿ, ಕ್ಯಾಮೆರಾ ಸರಿಯಾಗಿಯೇ ಇದೆ. ಅಕ್ಟೋಬರ್ ತಿಂಗಳ ಬೆಳಗಿನ ಏಳು ಗಂಟೆ. ಇವತ್ತು ಭೂಮಿ ಹುಣ್ಣಿಮೆ, ಗದ್ದೆಗೆ ಹೋಗಿ ಭೂಮಿತಾಯಿಗೆ ಊಟ ಹಾಕುವ ಹಬ್ಬ. ನೆದರ್‌ಲ್ಯಾಂಡ್ಸ್‌ನಲ್ಲಿ ಸೂರ್ಯ ಏಳಲು ಇನ್ನೂ ಮುಕ್ಕಾಲು ಗಂಟೆ ಬೇಕು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮೂರಿನಲ್ಲಿ ಆಗಲೇ ಹತ್ತೂವರೆ. ಗದ್ದೆಯಲ್ಲಿ ಪೂಜೆ ಮುಗಿದು, ಅಲ್ಲೇ ಕೂತು ಉಂಡು, ಅಪ್ಪ ಮನೆಗೆ ಬಂದು ಮಲಗಿರುತ್ತಾರೆ.

ಇಲ್ಲಿ ರಾತ್ರಿ ಎರಡಾಗಿದ್ದಾಗ ಅಮ್ಮ ವಿಡಿಯೊ ಕರೆ ಮಾಡಿದ್ದರು. ಚಿಕ್ಕಪ್ಪ ದೊಂದಿ ಹಿಡಿದು ಮುಂದೆ, ಅಪ್ಪ ಆ ಊಟ ತುಂಬಿದ ಚಿತ್ತಾರದ ಬುಟ್ಟಿ, ಅಂದರೆ ಭೂಮಣ್ಣಿ ಬುಟ್ಟಿ ಹೊತ್ತು ಹಿಂದೆ. ಕಂಡಿದ್ದು ಕತ್ತಲೆಯಲ್ಲಿ ಅಲ್ಲಾಡುವ ಬೆಂಕಿ ಮಾತ್ರ. "ಅಚ್ಚಂಬಲಿ, ಹಾಲಂಬಲಿ" ಎಂದು ಊಟವನ್ನು ಗದ್ದೆಗೆ ಬೀರುತ್ತಾ ಕೂಗುವುದು ಕೇಳಿಸಿತು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಇದು ನನ್ನ ಬುಟ್ಟಿ. ನಗಬೇಡಿ. ಬ್ರೆಡ್ ಇಡುವ ಬುಟ್ಟಿ ಇದು. ಅಮ್ಮ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಪುಂಡಿನಾರು ಅದ್ದಿ ಚಿತ್ತಾರ ಬರೆಯುತ್ತಾರೆ. ನಾನು ಮಕ್ಕಳ ಜಲವರ್ಣ ಬಳಿದೆ. ಒಣಗಿದ ಮೇಲೆ ಗೆರೆಗಳೆಲ್ಲ ಉದುರಿಹೋದವು.

ಈಗ ಇದನ್ನು ನೋಡಿ. ಬೂದುಗುಂಬಳ. ಕಾಯಿಯಲ್ಲ, ಕಾಯಿಯ ಒಂದು ಹೋಳು. ಪ್ಲಾಸ್ಟಿಕ್ ಸುತ್ತಿ ಚೀಟಿ ಅಂಟಿಸಿದ್ದಾರೆ: 4 ಯೂರೋ 60 ಸೆಂಟ್. ರೂಪಾಯಿಗೆ ಗುಣಿಸಬೇಡ ಎಂದು ಇಲ್ಲಿಗೆ ಬಂದ ಮೊದಲ ವಾರವೇ ಎಲ್ಲರೂ ಬುದ್ಧಿ ಹೇಳಿದ್ದರು. ಗುಣಿಸಿದೆ. ನಾನೂರು ದಾಟಿತು! ನಮ್ಮೂರಿನಲ್ಲಿ ಬೂದುಗುಂಬಳವನ್ನು ದುಡ್ಡು ಕೊಟ್ಟು ತಂದವರನ್ನು ನಾನು ಕಂಡಿಲ್ಲ. ಕೊಟ್ಟಿಗೆಯ ಮಾಡಿನ ಮೇಲೆ ತಾನಾಗಿ ಹಬ್ಬಿರುತ್ತದೆ. ನೆಂಟರು ಹೊರಟರೆ, ಬೇಡ ಬೇಡ ಎಂದರೂ ಕೇಳದೆ ಬಸ್ಸಿನವರೆಗೆ ಹೊತ್ತು ತಂದು ಅವರ ಮಡಿಲಿಗೆ ಹಾಕುತ್ತಾರೆ. ನಾನೂ ಅಂಥ ಒಂದನ್ನು ಬೆಂಗಳೂರಿನವರೆಗೆ ಹೊತ್ತು, ಕೊನೆಗೆ ಬಾಡಿಗೆ ಮನೆಯ ಮಾಲೀಕರಿಗೆ ಕೊಟ್ಟು ಕೈತೊಳೆದುಕೊಂಡಿದ್ದೆ. ಅದರ ಶಾಪವೇ ಇರಬೇಕು. ಈ ಹೋಳು ಸಿಪ್ಪೆಯ ಹತ್ತಿರ ಕೊಳೆತಿತ್ತು, ಅರ್ಧ ಎಸೆದೆ. ಅಂದರೆ ಇನ್ನೂರು ರೂಪಾಯಿ ಕಸದ ಬುಟ್ಟಿಗೆ. ಇಲ್ಲಿ ಮನೆ ಮನೆಯ ಮೆಟ್ಟಿಲ ಮೇಲೆ ಕಿತ್ತಳೆ ಬಣ್ಣದ ಕುಂಬಳಕಾಯಿಗಳನ್ನು ಬರೀ ಅಲಂಕಾರಕ್ಕೆ ಇಟ್ಟಿದ್ದಾರೆ. ಒಂದನ್ನು ಎತ್ತಿಕೊಂಡು ಬಂದುಬಿಡೋಣ ಎನ್ನಿಸಿತ್ತು.

ಈ ಹಬ್ಬಕ್ಕೆ ಮಾಡುವ ನೂರೊಂದು ಬಗೆ ಸೊಪ್ಪಿನ ಕುಡಿಯ ಪಲ್ಯಕ್ಕೆ ನನಗೆ ಸಿಕ್ಕಿದ್ದು ಹನ್ನೊಂದು ಬಗೆ, ಅದೂ ಕೊತ್ತಂಬರಿ ಸೇರಿಸಿ. ಕೆಸುವಿನಂಥ ಎಲೆ ಸಿಕ್ಕಿದ್ದು ದಕ್ಷಿಣ ಅಮೆರಿಕದಲ್ಲಿ ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮ್ ಮೂಲದವರ ಅಂಗಡಿಯಲ್ಲಿ. 1873ರಿಂದ ಹಡಗು ಹತ್ತಿ ಸುರಿನಾಮಿನ ತೋಟಗಳಿಗೆ ಕೂಲಿಗೆ ಹೋದ ಭಾರತೀಯರ ಕುಡಿಗಳು ಅವರು. ಅಲ್ಲಿಂದ ಮತ್ತೆ ಇಲ್ಲಿಗೆ ಬಂದವರು. ಎರಡು ಸಮುದ್ರ ದಾಟಿಯೂ ಹೋಳಿ ಆಡುತ್ತಾರೆ. ನನಗೆ ಇಲ್ಲಿಗೆ ಬಂದ ನಾಲ್ಕು ವರ್ಷಕ್ಕೇ ಬುಟ್ಟಿ ಬರೆಯಲು ಬರುತ್ತಿಲ್ಲ. ಅಯ್ಯೋ, ಕಡುಬು! ಇಲ್ಲ, ತಳ ಹಿಡಿದಿಲ್ಲ.

ಈಗ ಹೊಲದ ಹತ್ತಿರ ಇದ್ದೇನೆ, ಸೈಕಲ್ಲಿನಲ್ಲಿ ಕಾಲು ಗಂಟೆ. ಇಲ್ಲೇ ಮೆಕ್ಕೆಜೋಳ ನಿಂತಿತ್ತು, ಎರಡು ವಾರದ ಹಿಂದಿನ ವಿಡಿಯೊದಲ್ಲಿ ನೀವೂ ನೋಡಿದ್ದೀರಿ. ದನಗಳ ಮೇವಿಗೆಂದು ದಂಟಿನ ಸಮೇತ ಕೊಚ್ಚಿಕೊಂಡು ಹೋಗಿದ್ದಾರೆ, ಬರೀ ಕೂಳೆ ಉಳಿದಿದೆ. ನಮ್ಮಲ್ಲಿ ಭತ್ತ ಹೊಡೆ ತುಂಬಿ, ತೆನೆಯನ್ನು ಒಡಲಲ್ಲಿಟ್ಟುಕೊಂಡು ನಿಂತಿರುತ್ತದೆ, ಭೂಮಿ ಬಸುರಿ, ಅದಕ್ಕೆ ಈ ಬಯಕೆ ಊಟ. ಇಲ್ಲಿ ಹೆರಿಗೆಯೇ ಮುಗಿದಿದೆ. ಬಾಣಂತಿಗೆ ಸೀಮಂತ ಮಾಡುತ್ತಾರೆಯೇ? ಇದೆಲ್ಲ ನಾಟಕ, ಮನೆಗೆ ಹೋಗಿ ನಾನೇ ತಿನ್ನುತ್ತೇನೆ ಎಂದುಕೊಂಡು ಅಮ್ಮನಿಗೆ ಕರೆ ಮಾಡಿದೆ.

"ಬಾಣಂತಿಗೆ ಹಸಿವು ಇನ್ನೂ ಜಾಸ್ತಿ ಕಣೇ. ಹಾಕಿ ಬಾ" ಎಂದರು.

ಹಾಕಿದೆ. ಕೂಗಲಿಲ್ಲ, ಗೊಣಗಿದೆ. ನಾಯಿ ಹಿಡಿದುಕೊಂಡು ಬಂದ ಅಜ್ಜ ಒಬ್ಬರು ಏನು ಚೆಲ್ಲುತ್ತಿದ್ದೀಯ ಎಂದು ಕೇಳಿದರು. ಭೂಮಿತಾಯಿಯ ಬಯಕೆಯನ್ನು ವಿವರಿಸುವಷ್ಟು ಡಚ್ ನನಗೆ ಬರುವುದಿಲ್ಲ, ಗೊಬ್ಬರ ಎಂದೆ. ಒಳ್ಳೆಯದು ಎಂದು ತಲೆಯಾಡಿಸಿ ಹೋದರು. ನಾಯಿ ಮಾತ್ರ ಹೋಗಲು ಒಪ್ಪಲಿಲ್ಲ.

ಅಲ್ಲಿ ನೋಡಿ, ಆ ಬೂದು ಕತ್ತಿನ ಸಣ್ಣ ಕಾಗೆಗಳು ಇಳಿದವು. ನಮ್ಮಲ್ಲಿ ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಬೇರೆ ಇಡುತ್ತಾರೆ. ಇವು ಕಡುಬನ್ನಷ್ಟೇ ಆರಿಸಿಕೊಳ್ಳುತ್ತಿವೆ, ಬೂದುಗುಂಬಳವನ್ನು ಮೂಸಿಯೂ ನೋಡಲಿಲ್ಲ. 4 ಯೂರೋ 60 ಸೆಂಟ್! ಒಂಬತ್ತಕ್ಕೆ ಕಚೇರಿಯಲ್ಲಿ ಮೀಟಿಂಗ್ ಇದೆ, ಹೊರಟೆ.