ಅಂಗಾಲು ನೋಡಿಕೊಂಡಿರಾ?

ಕೇಳುಗರಿಗೆ ನಮಸ್ಕಾರ. ಹೊಲದಿಂದ ಬಂದು ಕಾಲು ತೊಳೆದು ಕೂತವರು, ಒಲೆ ಮುಂದೆ ರೊಟ್ಟಿ ಬಡಿಯುತ್ತಾ ರೇಡಿಯೋ ಕೇಳುವ ತಾಯಂದಿರು, ಸ್ವಲ್ಪ ಹೊತ್ತು ನನ್ನ ಮಾತು ಕೇಳಿ.

ರೊಟ್ಟಿಯಿಂದಲೇ ಶುರು ಮಾಡೋಣ. ಕಾದ ಹೆಂಚು ಬೆರಳಿಗೆ ತಾಗಿತು. ಕೈ ಹಿಂದಕ್ಕೆ ಬಂತು. ಆಮೇಲೆ 'ಯವ್ವಾ' ಅಂದಿರಿ. ಮೊದಲು ಕೈ ಬಂತು, ಉರಿ ಗೊತ್ತಾಗಿದ್ದು ಆಮೇಲೆ. ಅಲ್ವಾ? ಚರ್ಮದಿಂದ ಹೊರಟ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಬೆನ್ನುಹುರಿ ಮಿದುಳನ್ನು ಕೇಳುತ್ತಾ ಕೂರುವುದಿಲ್ಲ. ತಾನೇ ಸ್ನಾಯುವಿಗೆ 'ಎಳಿ' ಅನ್ನುತ್ತದೆ. ಬಣವೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಯವರು ಕೊಡ ಹಿಡಿದು ಓಡಿ ಬರುತ್ತಾರೆ, ತಹಶೀಲ್ದಾರರ ಅಪ್ಪಣೆಗೆ ಕಾಯುತ್ತಾರಾ? ಮಿದುಳಿಗೂ ಸುದ್ದಿ ಹೋಗುತ್ತದೆ. ಅದು ತಲುಪುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಇದನ್ನು ನಾವು ಡಾಕ್ಟರುಗಳು ರಿಫ್ಲೆಕ್ಸ್ ಅನ್ನುತ್ತೇವೆ.

ನಮ್ಮ ಕಡೆ ಬಳ್ಳಾರಿ ಜಾಲಿ ತುಳಿಯದವರು ಯಾರಿದ್ದಾರೆ? ಮುಳ್ಳು ಚುಚ್ಚಿದ ಕಾಲು ಮೇಲೇಳುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಎರಡೂ ಮೇಲೆದ್ದರೆ ನೀವು ಮುಳ್ಳಿನ ಮೇಲೇ ಕೂರುತ್ತೀರಿ! ಈ ಲೆಕ್ಕವನ್ನೂ ಬೆನ್ನುಹುರಿಯೇ ಮಾಡುತ್ತದೆ. ಇಂಥದನ್ನೆಲ್ಲ ಬಿಡಿಸಿ ನೋಡಿದ ಶೆರಿಂಗ್ಟನ್ ಎಂಬ ಇಂಗ್ಲೆಂಡಿನ ವಿಜ್ಞಾನಿಗೆ 1932ರಲ್ಲಿ ನೊಬೆಲ್ ಬಂತು.

ಆದರೆ ಸುದ್ದಿಯೇ ಹೊರಡದಿದ್ದರೆ?

ಕೆಲವು ವರ್ಷದ ಹಿಂದೆ ಲಿಂಗಸುಗೂರು ಕಡೆಯ ಹಿರಿಯರೊಬ್ಬರು ಬಂದರು. ಬಂದರು ಅನ್ನುವುದಕ್ಕಿಂತ ಹೆಂಡತಿ ಎಳೆದು ತಂದಿದ್ದರು. "ನನಗೇನೂ ಆಗಿಲ್ರಿ ಸಾಹೇಬ್ರ, ಈಕಿ ಸುಮ್ನ ಕರಕೊಂಡು ಬಂದಾಳ" ಅಂದರು. ಆ ತಾಯಿ ಬಿಡಲಿಲ್ಲ. "ಮನಿ ತುಂಬಾ ರಕ್ತದ ಕಲೆ ರೀ. ಬೆಕ್ಕು ಇಲಿ ಹಿಡಕೊಂಡು ಬಂದೈತಿ ಅಂತ ಎರಡು ದಿನ ಒರಸೀನಿ. ಮೂರನೇ ದಿನ ನೋಡಿದ್ರ ಇವರ ಹೆಜ್ಜಿ!"

ಅಂಗಾಲು ನೋಡಿದೆ. ಹೆಬ್ಬೆರಳ ಬುಡದಲ್ಲಿ ತೂತು, ಸುತ್ತಲೂ ಕೀವು. ಅವರ ಹವಾಯಿ ಚಪ್ಪಲಿ ಎತ್ತಿಕೊಂಡು ಒಳಗೆ ಬೆರಳಾಡಿಸಿದೆ. ಚುಚ್ಚಿತು ನೋಡಿ! ಜಾಲಿ ಮುಳ್ಳು ಅಡಿಯಿಂದ ತೂರಿ ಮೇಲೆ ತುದಿ ತೋರಿಸುತ್ತಿತ್ತು. ನನ್ನ ಕೈ ತಟ್ಟನೆ ಹಿಂದೆ ಬಂತು, 'ಅಯ್ಯೋ' ಅಂದೆ. ಅವರು ನಕ್ಕರು. "ಅಷ್ಟು ನೋವಾತೇನ್ರಿ?" ಅಂತ ನನ್ನನ್ನೇ ಕೇಳಿದರು. ಅದೇ ಮುಳ್ಳಿನ ಮೇಲೆ ನಾಲ್ಕು ದಿನ ಓಡಾಡಿದವರು!

ಅವರಿಗೆ ಹನ್ನೆರಡು ವರ್ಷದಿಂದ ಶುಗರ್. ಶುಗರ್ ಜಾಸ್ತಿ ಇದ್ದರೆ ನರ ಸೊರಗುತ್ತದೆ, ಉದ್ದದ ನರ ಮೊದಲು. ಕಾಲ ಬೆರಳಿಗೆ ಹೋಗುವುದೇ ಎಲ್ಲಕ್ಕಿಂತ ಉದ್ದದ ನರ. ಬೆನ್ನುಹುರಿ ಸರಿಯಾಗಿಯೇ ಇದೆ, ಸ್ನಾಯುವಿನಲ್ಲಿ ಶಕ್ತಿಯೂ ಇದೆ. ಕೊಡ ಹಿಡಿದವರು ತಯಾರಾಗಿದ್ದಾರೆ, ಬೆಂಕಿ ಬಿತ್ತು ಅಂತ ಕೂಗುವವರೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಶುಗರ್ ಇರುವವರು ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. 'ನೋವಿಲ್ಲ ಡಾಕ್ಟ್ರೇ, ಆರಾಮಿದೀನಿ' ಅನ್ನಬೇಡಿ, ಕೇಳಿ ಕೇಳಿ ಸಾಕಾಗಿದೆ. ನೋವಿಲ್ಲ ಅನ್ನುವುದೇ ನಿಮ್ಮ ಕಾಯಿಲೆ! ಚಪ್ಪಲಿ ಕೊಡವಿ ಹಾಕಿಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಗುಡಿ ಸುತ್ತಬೇಡಿ. ಹುಲಿಗೆಮ್ಮ ತಾಯಿ ಬೆಳಗ್ಗೆಯೂ ಅಲ್ಲೇ ಇರುತ್ತಾಳೆ. ಮತ್ತೆ, ರಾತ್ರಿ ಅಂಗಾಲು ನೋಡಿಕೊಳ್ಳಿ. ಹೇಳಿದೆನಾ? ಇನ್ನೊಮ್ಮೆ ಹೇಳಿದೆ ಅಂದುಕೊಳ್ಳಿ.

ಕಣ್ಣು, ಕಿವಿ, ಮೂಗು, ನಾಲಿಗೆ ಎಲ್ಲಾ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆಯಿಂದ ರೇಡಿಯೋದವರು ಎರಡೇ ನಿಮಿಷ ಅಂತ ಎರಡು ಬೆರಳು ತೋರಿಸುತ್ತಿದ್ದಾರೆ. ಓಡುತ್ತಾ ಹೇಳುತ್ತೇನೆ. ಮಂಡಕ್ಕಿ ಜೊತೆ ಮಿರ್ಚಿ ತಿಂದಾಗ ಬಾಯಿ ಉರಿಯುತ್ತದಲ್ಲ, ಅದು ರುಚಿ ಅಲ್ಲ. ಬಿಸಿ ತಾಗಿದಾಗ ಎಚ್ಚರವಾಗುವ ಅದೇ ನರದ ತುದಿಯನ್ನು ಮೆಣಸಿನಕಾಯಿಯ ಖಾರವೂ ತಟ್ಟಿ ಎಬ್ಬಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕಿವಿ ಬರೀ ಕೇಳುವುದಕ್ಕಲ್ಲ. ಅದರೊಳಗೆ ಬಾಗಿದ ಮೂರು ಕೊಳವೆ ಇವೆ, ತಲೆ ಎತ್ತ ತಿರುಗಿತು ಅಂತ ಹೇಳುವುದು ಅವೇ. ಜಾತ್ರೆಯ ತೊಟ್ಟಿಲಿನಿಂದ ಇಳಿದಾಗ ತಲೆ ಸುತ್ತುವುದು ಅದಕ್ಕೇ.

ಬೆರಳು ಒಂದಾಯಿತು. ಕಣ್ಣು, ಮೂಗು ಉಳಿದವು, ಮತ್ತೆ ಕರೆದರೆ ಹೇಳುತ್ತೇನೆ. ಆ ಹಿರಿಯರ ಗಾಯ ಮಾಯಲು ಏಳು ವಾರ ಬೇಕಾಯಿತು. ಕಾಲು ಉಳಿಯಿತು. ಈಗ ದಿನಾ ರಾತ್ರಿ ಮೊಮ್ಮಗಳು ಟಾರ್ಚ್ ಹಿಡಿದು ಅಜ್ಜನ ಅಂಗಾಲು ನೋಡುತ್ತಾಳಂತೆ. ಒಂದು ಕಾಲಿಗೆ ಒಂದು ರೂಪಾಯಿ ತಗೊಳ್ತಾಳಂತೆ. ನಮಸ್ಕಾರ.