ಒಂದೇ ನರಕೋಶ, ಎರಡು ಹಣೆಬರಹ

ನರಮಂಡಲದ ಪಾಠ ಅಂದ್ರೆ ಎಲ್ಲರಿಗೂ ನೆನಪಾಗುವುದು ನರಕೋಶದ ಚಿತ್ರ. ಕವಲೊಡೆದ ಡೆಂಡ್ರೈಟ್‌ಗಳು, ಕೋಶಕಾಯ, ಸಂಕೇತ ಸಾಗಿಸುವ ಉದ್ದನೆಯ ಎಳೆ ಆಕ್ಸಾನ್. ಭಾಗ ಗುರುತಿಸಿ, ಮಾರ್ಕ್ಸ್ ತಗೊಳ್ಳಿ. ಮುಂದಿನ ಪುಟದಲ್ಲಿ ಒಂದು ಪಟ್ಟಿ: ಮೆದುಳು, ಬೆನ್ನುಹುರಿ ಸೇರಿದರೆ ಕೇಂದ್ರ ನರಮಂಡಲ. ಅಲ್ಲಿಂದ ಹೊರಡುವ 12 ಜೊತೆ ಕಪಾಲ ನರ, 31 ಜೊತೆ ಬೆನ್ನುಹುರಿ ನರ ಪರಿಧಿ ನರಮಂಡಲ. ಈ ಎರಡು ಪುಟಗಳಿಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ ಕಲಿಸುತ್ತಾರಲ್ಲ, ನನ್ನ ತಕರಾರು ಅದರ ಮೇಲೆ.

ಒಂದು ಉದಾಹರಣೆ ಹೇಳ್ತೀನಿ. ಬೆರಳಿನ ಸ್ಪರ್ಶ ತಿಳಿಸುವ ನರಕೋಶದ ಕೋಶಕಾಯ ಇರುವುದು ಬೆನ್ನುಹುರಿಯ ಪಕ್ಕದ ಒಂದು ಗಂಟಿನಲ್ಲಿ. ಅದರ ಒಂದು ಕವಲು ಬೆರಳಿನ ತುದಿಗೆ ಹೋಗುತ್ತದೆ, ಇನ್ನೊಂದು ಬೆನ್ನುಹುರಿಯ ಒಳಗೆ. ಹೊರಗಿನ ಕವಲು ತುಂಡಾಗಿ, ಸರ್ಜನ್ ನರ ಜೋಡಿಸಿದರೆ, ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ. ಬೆನ್ನುಹುರಿಯೊಳಗಿನ ಕವಲು ತುಂಡಾದರೆ ಹಾಗೆ ಬೆಳೆಯುವುದಿಲ್ಲ. ಕೋಶ ಒಂದೇ, ಡಿಎನ್ಎ ಒಂದೇ. ಮತ್ತೆ ಯಾಕೆ ಹೀಗೆ?

ಉತ್ತರದ ದೊಡ್ಡ ಪಾಲು ಗ್ಲಿಯಾ ಕೋಶಗಳಲ್ಲಿದೆ, ಅಂದರೆ ನರಕೋಶಗಳ ಜೊತೆಗಿದ್ದು ಅವನ್ನು ನೋಡಿಕೊಳ್ಳುವ ಕೋಶಗಳಲ್ಲಿ. ಹೊರಗಿನ ಕವಲಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವುದು ಶ್ವಾನ್ ಕೋಶ ಎಂಬ ಗ್ಲಿಯಾ. ಒಂದು ಕೋಶ ಒಂದೇ ತುಣುಕನ್ನು ನೋಡಿಕೊಳ್ಳುತ್ತದೆ. ನರ ತುಂಡಾದರೆ ಶ್ವಾನ್ ಕೋಶಗಳು ತಮ್ಮ ಕೆಲಸವನ್ನೇ ಬದಲಿಸುತ್ತವೆ: ಹಾಳಾದ ಮೈಲಿನ್ ತೆಗೆಯುತ್ತವೆ, ಸಾಲಾಗಿ ನಿಂತು ದಾರಿ ಮಾಡುತ್ತವೆ, ಬೆಳವಣಿಗೆಗೆ ಬೇಕಾದ ಪ್ರೋಟೀನ್‌ಗಳನ್ನು ಬಿಡುತ್ತವೆ. ಬೆನ್ನುಹುರಿಯ ಒಳಗೆ ಅದೇ ಮೈಲಿನ್ ಕೆಲಸ ಆಲಿಗೊಡೆಂಡ್ರೊಸೈಟ್‌ನದು. ಒಂದೊಂದು ಕೋಶವೂ ಹತ್ತಾರು ತುಣುಕುಗಳಿಗೆ ಕೈ ಚಾಚಿರುತ್ತದೆ. ಆದರೆ ಇದರ ಮೈಲಿನ್‌ನಲ್ಲಿ ಆಕ್ಸಾನ್ ಬೆಳೆಯದಂತೆ ತಡೆಯುವ ನೋಗೊದಂಥ ಪ್ರೋಟೀನ್‌ಗಳಿವೆ. ಜೊತೆಗೆ ಆಸ್ಟ್ರೊಸೈಟ್ ಎಂಬ ಇನ್ನೊಂದು ಬಗೆಯ ಗ್ಲಿಯಾ ಕೋಶಗಳು ಗಾಯದ ಸುತ್ತ ಗಡಿ ಕಟ್ಟುತ್ತವೆ. ಆ ಗಡಿ ಉರಿಯೂತ ಹರಡದಂತೆಯೂ ನೋಡಿಕೊಳ್ಳುತ್ತದೆ, ಹಾಗಾಗಿ ಆಸ್ಟ್ರೊಸೈಟನ್ನು ಸುಮ್ನೆ ವಿಲನ್ ಮಾಡಬೇಡಿ.

ಇದು ಬರೀ ಊಹೆಯಲ್ಲ. 1981ರಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ, ಅಂದರೆ ಶ್ವಾನ್ ಕೋಶಗಳಿರುವ ಪರಿಧಿ ನರದ, ತುಂಡೊಂದನ್ನು ಮೆದುಳುಕಾಂಡಕ್ಕೂ ಬೆನ್ನುಹುರಿಗೂ ಸೇತುವೆಯಂತೆ ಜೋಡಿಸಿದರು. ಬೆಳೆಯೋದೇ ಇಲ್ಲ ಅಂದುಕೊಂಡಿದ್ದ ಕೇಂದ್ರ ನರಮಂಡಲದ ಆಕ್ಸಾನ್‌ಗಳು ಆ ತುಂಡಿನೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಆಚೆ ಬದಿಯಲ್ಲಿ ಮತ್ತೆ ಕೇಂದ್ರ ನರಮಂಡಲ ಸಿಕ್ಕಿದ್ದೇ ತಡ, ಹೆಚ್ಚುಕಡಿಮೆ ನಿಂತೇಬಿಟ್ಟವು. ನನ್ನನ್ನು ಕೇಳಿದರೆ, ಪಾಠ ಶುರುವಾಗಬೇಕಾದ್ದೇ ಈ ಪ್ರಯೋಗದಿಂದ. ಎಲ್ಲವೂ ಗ್ಲಿಯಾದ್ದೇ ಅಂತ ನಾನು ಹೇಳುತ್ತಿಲ್ಲ. ವಯಸ್ಕ ನರಕೋಶದ ಸ್ವಂತ ಬೆಳೆಯುವ ಶಕ್ತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಅಂದ ಹಾಗೆ, ಗ್ಲಿಯಾ ನರಕೋಶಗಳ ಹತ್ತು ಪಟ್ಟು ಜಾಸ್ತಿ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. 2009ರ ಎಣಿಕೆ ಪ್ರಕಾರ ಮಾನವ ಮೆದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ, ಉಳಿದ ಕೋಶಗಳು ಹೆಚ್ಚುಕಡಿಮೆ ಅಷ್ಟೇ. ಗ್ಲಿಯಾದ ಪರ ವಾದ ಮಾಡಲು ಸುಳ್ಳು ಲೆಕ್ಕ ಬೇಕಿಲ್ಲ, ಅಲ್ವಾ?

ಕಾಯಿಲೆಗಳಿಗೂ ಈ ವ್ಯತ್ಯಾಸ ಗೊತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೇಂದ್ರದ ಮೈಲಿನ್ ಮೇಲೆ ಬೀಳುತ್ತದೆ, ಗಿಯಾನ್ ಬಾರೆ ಸಿಂಡ್ರೋಮ್‌ನಲ್ಲಿ ಪರಿಧಿಯ ನರಗಳ ಮೇಲೆ. ಗಿಯಾನ್ ಬಾರೆಯಲ್ಲಿ ಹೆಚ್ಚಿನವರು ನಿಧಾನವಾಗಿಯಾದರೂ ಚೇತರಿಸಿಕೊಳ್ಳುತ್ತಾರೆ.

ಈಗ ಆ 12 ಜೊತೆ ಕಪಾಲ ನರಗಳಲ್ಲಿ ಎರಡನೆಯದನ್ನು ನೋಡಿ, ಕಣ್ಣಿನ ನರ. ಪಟ್ಟಿ ಪ್ರಕಾರ ಅದು ಪರಿಧಿ. ಆದರೆ ಅದು ಭ್ರೂಣದಲ್ಲಿ ಮೆದುಳಿನಿಂದಲೇ ಚಾಚಿಕೊಂಡು ಬೆಳೆದದ್ದು, ಅದಕ್ಕೆ ಮೈಲಿನ್ ಸುತ್ತುವುದು ಆಲಿಗೊಡೆಂಡ್ರೊಸೈಟ್. ಅಂದರೆ ಕೋಶಗಳ ಲೆಕ್ಕದಲ್ಲಿ ಅದು ಕೇಂದ್ರ ನರಮಂಡಲವೇ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಷ್ಟೋ ಸಲ ಕಣ್ಣಿನ ನರದ ಉರಿಯೂತದಿಂದ ಶುರುವಾಗುವುದು ಅದಕ್ಕೇ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಕೋಮಾ ಕಾಯಿಲೆಯಲ್ಲಿ ಸತ್ತ ಆಕ್ಸಾನ್‌ಗಳೂ ಮತ್ತೆ ಬೆಳೆಯುವುದಿಲ್ಲ. ಅಲ್ಲಿ ಡಾಕ್ಟರ್ ಕಣ್ಣಿನ ಒತ್ತಡ ಇಳಿಸುವುದು ಉಳಿದ ದೃಷ್ಟಿಯನ್ನು ಕಾಪಾಡುವುದಕ್ಕೆ, ಹೋದದ್ದನ್ನು ತರುವುದಕ್ಕಲ್ಲ.