ಕೆಳಗಿನ ಸಾಲು ಕತ್ತರಿಸಬೇಡಿ

ನಮಸ್ಕಾರ. ಇವತ್ತು ನನ್ನದು ಒಂದೇ ಮಾತು. ನಟರ ಹಳೆಯ ಅಚ್ಚುಚಿತ್ರ ಕೈಗೆ ಸಿಕ್ಕರೆ ಮೊದಲು ಕೆಳಗಿನ ಸಾಲು ಓದಿ. ಮುಖ ಎಲ್ಲೂ ಓಡಿಹೋಗಲ್ಲ.

1800ರ ಆಚೀಚಿನ ಲಂಡನ್. ಫೋಟೋ ಇನ್ನೂ ಬಂದಿಲ್ಲ. ಮೆಚ್ಚಿದ ನಟ ಮನೆಗೆ ಬರಬೇಕಾದರೆ ತಾಮ್ರದ ತಗಡೇ ಗತಿ. ಕೆತ್ತನೆಗಾರ ತಗಡಿನಲ್ಲಿ ಗೆರೆ ಕೊರೆಯುತ್ತಾನೆ, ಗೆರೆಯೊಳಗೆ ಶಾಯಿ ತುಂಬಿ, ಮೇಲಿನದ್ದು ಒರೆಸಿ, ಒದ್ದೆ ಕಾಗದ ಇಟ್ಟು ಒತ್ತುತ್ತಾರೆ. ಒತ್ತುತ್ತಾ ಒತ್ತುತ್ತಾ ತಗಡು ಸವೆದು ಮುಖ ಮಂಕಾಗುತ್ತದೆ.

1814ರ ಜನವರಿ 26. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ. ಊರೂರು ಅಲೆದು ಬಂದಿದ್ದ ಎಡ್ಮಂಡ್ ಕೀನ್ ಎಂಬ ಕುಳ್ಳ ನಟ ಶೇಕ್ಸ್‌ಪಿಯರ್ ನಾಟಕದ ಸಾಲಿಗ ಶೈಲಾಕ್ ಆಗಿ ಬಂದ. ಶೈಲಾಕ್‌ಗೆ ಕೆಂಪು ಕೂದಲೇ ಆಗಬೇಕು ಅನ್ನುವುದು ರೂಢಿ, ಇವನು ಕಪ್ಪು ಕೂದಲು ಹಾಕಿಕೊಂಡು ಬಂದುಬಿಟ್ಟ! ಮುಂದಿನ ತಿಂಗಳೇ ಶೇಕ್ಸ್‌ಪಿಯರನದೇ ಇನ್ನೊಂದು ಪಾತ್ರ, ರಾಜ ಮೂರನೇ ರಿಚರ್ಡ್. ಅದೇ ವರ್ಷ ಅವನ ಅಚ್ಚುಚಿತ್ರಗಳೂ ಮಾರಾಟಕ್ಕೆ ಬಂದವು.

ಅಂಥದ್ದೊಂದನ್ನು ನಾನು ಲಂಡನ್ನಿನ ಹಳೆ ಪುಸ್ತಕದಂಗಡಿಯಲ್ಲಿ ಕೊಂಡೆ. ಮಡಿಕೆ ಬೀಳಬಾರದು ಅಂತ ವಿಮಾನದಲ್ಲಿ ತೊಡೆ ಮೇಲೇ ಇಟ್ಟುಕೊಂಡು ತಂದೆ, ಊಟದ ತಟ್ಟೆಯನ್ನೂ ಬೇಡ ಅಂದೆ. ಊರಿಗೆ ಬಂದು ಫ್ರೇಮ್ ಹಾಕಲು ಕೊಟ್ಟರೆ ಅಂಗಡಿಯವರು ಕೆಳಗಡೆ ಎರಡು ಬೆರಳಷ್ಟು ಕಾಗದ ಕತ್ತರಿಸಿ ಎಸೆದಿದ್ದರು. "ಏನೋ ಸಣ್ಣಕ್ಷರ ಇತ್ತು ಸಾರ್, ಈಗ ನೀಟಾಗಿದೆ" ಅಂದರು. ಕಸದ ಬುಟ್ಟಿ ಹುಡುಕಿದೆ, ಆಗಲೇ ಖಾಲಿ ಮಾಡಿಬಿಟ್ಟಿದ್ದರು.

ಆ ಸಣ್ಣಕ್ಷರದಲ್ಲೇ ಎಲ್ಲ ಇರುವುದು ಸ್ವಾಮಿ! ಎಡಗಡೆ ಹೆಸರಿನ ಜೊತೆ ಲ್ಯಾಟಿನ್ನಿನಲ್ಲಿ 'ಪಿಂಕ್ಸಿಟ್' ಅಂತಿದ್ದರೆ ಅವನು ಚಿತ್ರ ಬರೆದವನು. ಬಲಗಡೆ 'ಸ್ಕಲ್ಪ್ಸಿಟ್' ಅಂತಿದ್ದರೆ ಕೆತ್ತಿದವನು. ನಡುವೆ ಯಾವ ನಟ, ಯಾವ ಪಾತ್ರ. ಜೊತೆಗೆ ಪ್ರಕಾಶಕ, ವಿಳಾಸ, ತಾರೀಖು. ಇದು ಸುಮ್ನೆ ಅಲಂಕಾರಕ್ಕಲ್ಲ. ಕದ್ದು ಅಚ್ಚು ಹಾಕುವವರ ಕಾಟ ತಾಳದೆ ಇಂಗ್ಲೆಂಡಿನ ಹೊಗಾರ್ತ್ ಮುಂತಾದ ಕಲಾವಿದರು ಹೋರಾಡಿ 1735ರಲ್ಲಿ ಕಾನೂನು ತಂದರು. ಹಕ್ಕು ಬೇಕಾದರೆ ಹೆಸರು, ತಾರೀಖು ತಗಡಿನ ಮೇಲೇ ಇರಬೇಕಿತ್ತು. ಅದನ್ನೇ ಕತ್ತರಿಸಿದರೆ ಉಳಿಯುವುದು ಯಾರೋ ಒಬ್ಬ ಗಡ್ಡದವನು, ಅಲ್ವಾ?

ಇನ್ನು ಹುಡುಗರು ಕೊಳ್ಳುತ್ತಿದ್ದ, ನಟರ ಚಿತ್ರದ ಅಗ್ಗದ ಹಾಳೆಗಳು, ಬಣ್ಣವಿಲ್ಲದ್ದು ಒಂದು ಪೆನ್ನಿ, ಬಣ್ಣದ್ದು ಎರಡು. ಕೆಲವರು ನಟನ ಕವಚದ ಮೇಲೆ ಮಿಂಚಿನ ತಗಡಿನ ಚೂರು, ಅಂಗಿಗೆ ಬಟ್ಟೆ ಅಂಟಿಸುತ್ತಿದ್ದರು. ಬಹಳ ಚೆಂದ, ಹೇಳುತ್ತಾ ಕೂರಲು ಹೊತ್ತಿಲ್ಲ. ಫ್ರೇಮ್ ಅಂಗಡಿಗೆ ಹೋದಾಗ ಮಾತ್ರ ಪಕ್ಕದಲ್ಲೇ ನಿಂತುಕೊಳ್ಳಿ, ಕತ್ತರಿ ಒಳಗಿಡುವವರೆಗೂ.